ಆರಾಮಾಗಿ ಬಂದವರನ್ನು ನೋಡಲು ಹೊರಟ ಬಂಧುಗಳಿಗೆ

ದಿಗ್ಗೇವಾಡಿಯ ಹಿರಿಯರೇ, ಅವ್ವಂದಿರೇ, ಅಣ್ಣ-ತಮ್ಮಂದಿರೇ, ಅಕ್ಕ-ತಂಗಿಯರೇ. ಜಲಾಲಪುರ, ಚಿಂಚಲಿ, ಅಂಕಲಿ, ಮಾಂಜರಿ, ಕುಡಚಿಯ ನಮ್ಮ ಬೀಗರೇ, ನೆಂಟರೇ,



ದವಾಖಾನೆಯಿಂದ ಯಾರಾದರೂ ಮನೆಗೆ ಬಂದರೆಂದರೆ ನಮ್ಮ ಕಡೆ ಮರುದಿನ ಬೆಳಗಾಗುವುದರೊಳಗೆ ಪಡಸಾಲೆ ತುಂಬುತ್ತದೆ. ಒಬ್ಬರು ಬಾಳೆಹಣ್ಣು ತರುತ್ತಾರೆ, ಒಬ್ಬರು ಎಳನೀರು, ಇನ್ನೊಬ್ಬರು ಬಿಸ್ಕಿಟ್ ಪುಡಿಕೆ. ಬಂದವರು ಹಾಸಿಗೆಯ ಅಂಚಿಗೇ ಕೂರುತ್ತಾರೆ, ಗಲ್ಲ ಸವರುತ್ತಾರೆ, ಕೈ ಹಿಡಿದುಕೊಂಡು "ಹೆಂಗದೀಯೋ ತಮ್ಮಾ" ಎಂದು ಕೇಳುತ್ತಾರೆ. ನೋಡಲು ಹೋಗದಿದ್ದರೆ ಅದು ವರ್ಷಗಟ್ಟಲೆ ಮಾತಿಗೆ ಬರುವ ತಪ್ಪು. ಈ ರೂಢಿ ನಮ್ಮ ಊರುಗಳ ದೊಡ್ಡ ಆಸ್ತಿ, ಅದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಬೇರೊಬ್ಬರ ಅಸ್ಥಿಮಜ್ಜೆ ಅಥವಾ ಕಾಂಡಕೋಶ ಪಡೆದು, ಕಸಿ ಮಾಡಿಸಿಕೊಂಡು ಊರಿಗೆ ಮರಳಿದವರ ವಿಷಯದಲ್ಲಿ ಮಾತ್ರ ಇದನ್ನು ಒಂದೆರಡು ವರ್ಷ ಬೇರೆ ಬಗೆಯಲ್ಲಿ ನಡೆಸಿಕೊಡಿ ಎಂದು ಕೇಳಲು ಈ ಪತ್ರ.

"ಬೋನ್ ಮ್ಯಾರೋ" ಎಂಬ ಮಾತು ಈಗ ಹಳ್ಳಿಗೂ ಬಂದಿದೆ. ರಕ್ತದ ಕ್ಯಾನ್ಸರ್ ಇರಲಿ, ಮಜ್ಜೆಯೇ ಬತ್ತಿಹೋಗುವ ಅಪ್ಲಾಸ್ಟಿಕ್ ಅನೀಮಿಯಾ ಇರಲಿ, ಎರಡು-ಮೂರು ವಾರಕ್ಕೊಮ್ಮೆ ರಕ್ತ ಏರಿಸಿಕೊಳ್ಳಬೇಕಾದ ಥಲಸ್ಸೀಮಿಯಾ ಮಕ್ಕಳಿರಲಿ, ನಮ್ಮವರು ಮೊದಲು ಹೋಗುವುದು ಮಿರಜಕ್ಕೋ ಬೆಳಗಾವಿಗೋ. ಅಲ್ಲಿಂದ ಕಸಿಗೆಂದು ಬೆಂಗಳೂರು, ಪುಣೆ, ಮುಂಬೈ, ವೆಲ್ಲೂರಿನ ದಾರಿ ಹಿಡಿಯುತ್ತಾರೆ. ನಮ್ಮ ದೇಶದಲ್ಲಿ ಇಂಥ ಕಸಿ ಮೊದಲು ನಡೆದದ್ದು 1983ರಲ್ಲಿ, ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ. ಮೂರು ವರ್ಷದ ಮೇಲೆ ವೆಲ್ಲೂರಿನ ಸಿಎಂಸಿಯಲ್ಲಿ ಶುರುವಾಯಿತು. ಈ ಚಿಕಿತ್ಸೆಗೆ ದಾರಿ ಹಾಕಿಕೊಟ್ಟ ಅಮೆರಿಕದ ವೈದ್ಯ ಡೊನಾಲ್ ಥಾಮಸ್ ಅವರಿಗೆ 1990ರಲ್ಲಿ ನೊಬೆಲ್ ಬಂತು. ಅವರ ಮೊದಮೊದಲ ರೋಗಿಗಳಲ್ಲಿ ಬಹಳ ಮಂದಿ ಉಳಿಯಲಿಲ್ಲ. ಕಸಿ ಹತ್ತದೇ ಹೋದದ್ದು ಒಂದು ಕಾರಣವಾದರೆ, ಅದು ಹತ್ತಿದ ಮೇಲೂ ಸೋಂಕು ಕಾಡಿದ್ದು ಇನ್ನೊಂದು. ಈ ಸೋಂಕಿನ ಮಾತನ್ನೇ ನಾನು ಇಂದು ನಿಮ್ಮ ಮುಂದೆ ಇಡಬೇಕಾಗಿದೆ.

ಕಸಿಯಲ್ಲಿ ಆಗುವುದಿಷ್ಟು. ಮೊದಲು ಕೀಮೋ, ಕೆಲವರಿಗೆ ಅದರ ಜೊತೆ ವಿಕಿರಣ ಕೊಟ್ಟು, ರೋಗಿಯ ಹಳೆಯ ಮಜ್ಜೆಯನ್ನು ಪೂರ್ತಿ ತೆಗೆದುಹಾಕುತ್ತಾರೆ. ಆಮೇಲೆ ಹೊಂದಾಣಿಕೆಯಾಗುವ ಅಣ್ಣನದೋ ತಂಗಿಯದೋ, ಈಗೀಗ ಅರ್ಧ ಹೊಂದುವ ತಂದೆ-ತಾಯಿಯದೋ ಮಕ್ಕಳದೋ ಕಾಂಡಕೋಶಗಳನ್ನು ರಕ್ತ ಏರಿಸುವ ಹಾಗೆಯೇ ನರದ ಮೂಲಕ ಬಿಡುತ್ತಾರೆ. ಒಡಹುಟ್ಟಿದ ಒಬ್ಬೊಬ್ಬರದೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆ ಕೋಶಗಳು ತಾವೇ ದಾರಿ ಹುಡುಕಿಕೊಂಡು ಎಲುಬಿನೊಳಗೆ ಹೋಗಿ ನೆಲೆಸುತ್ತವೆ. ಎರಡು-ಮೂರು ವಾರದಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿಯ ರಕ್ತಕಣಗಳು ಮರಳಿ ಕಾಣಿಸಿಕೊಳ್ಳುತ್ತವೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಅವು ಸತತ ಮೂರು ದಿನ 500ಕ್ಕಿಂತ ಮೇಲೆ ನಿಂತರೆ "ಕಸಿ ಹತ್ತಿತು" ಎಂದು ವೈದ್ಯರು ಹೇಳುತ್ತಾರೆ. ಮನೆಯವರು ಊರಿಗೆ ಫೋನ್ ಮಾಡಿ ಅಳುವುದು ಆಗಲೇ.

ತೊಡಕು ಹುಟ್ಟುವುದೂ ಅಲ್ಲಿಂದಲೇ. ಸುಮಾರು ನೂರು ದಿನ ಆಸ್ಪತ್ರೆಯ ಹತ್ತಿರ ಬಾಡಿಗೆ ಕೋಣೆಯಲ್ಲಿದ್ದು ಊರಿಗೆ ಬರುವ ಹೊತ್ತಿಗೆ ರಕ್ತದ ರಿಪೋರ್ಟಿನಲ್ಲಿ ಬಿಳಿಕಣದ ಅಂಕಿ ನಮ್ಮ-ನಿಮ್ಮ ಹಾಗೆಯೇ ಇರಬಹುದು. "ರಿಪೋರ್ಟ್ ನಾರ್ಮಲ್ ಅದ, ಆರಾಮ ಆಗ್ಯಾನ, ಇನ್ನೇನು?" ಎನ್ನುತ್ತೇವೆ. ಆ ಕಾಗದದಲ್ಲಿರುವುದು ಕಣಗಳ ಎಣಿಕೆ. ಅವು ಯಾವ ರೋಗವನ್ನು ಗುರುತು ಹಿಡಿಯಬಲ್ಲವು, ಯಾವುದನ್ನು ಹಿಡಿಯಲಾರವು ಎಂಬುದು ಅದರಲ್ಲಿ ಇರುವುದಿಲ್ಲ.

ನ್ಯೂಟ್ರೋಫಿಲ್ ಬೇಗ ಬರುತ್ತವೆ. ಎನ್‌ಕೆ ಎಂಬ ಕೋಶಗಳೂ ಒಂದೆರಡು ತಿಂಗಳಲ್ಲಿ ಚೇತರಿಸಿಕೊಳ್ಳುತ್ತವೆ. ವೈರಾಣು ಹೊಕ್ಕ ಕೋಶವನ್ನು ಹುಡುಕಿ ಕೊಲ್ಲುವ, ಉಳಿದ ಕೋಶಗಳಿಗೆ ದಿಕ್ಕು ತೋರುವ ಟಿ ಕೋಶಗಳು ಮಾತ್ರ ತಡ. ಅವು ತರಬೇತಿ ಪಡೆಯುವುದು ಎದೆಗೂಡಿನ ನಡುವೆ ಇರುವ ಥೈಮಸ್ ಎಂಬ ಗ್ರಂಥಿಯಲ್ಲಿ. ಮಕ್ಕಳಲ್ಲಿ ಇದು ಚುರುಕಾಗಿರುತ್ತದೆ, ವಯಸ್ಸಾದಂತೆ ಕುಗ್ಗುತ್ತದೆ. ಹೀಗಾಗಿ ಹತ್ತು ವರ್ಷದ ಹುಡುಗನಿಗಿಂತ ಐವತ್ತು ವರ್ಷದವರಿಗೆ ಹೊಸ ಟಿ ಕೋಶ ಬರುವುದು ಬಹಳ ನಿಧಾನ. ಸಿಡಿ4 ಎಂಬ ಟಿ ಕೋಶಗಳು 200ರ ಮೇಲೆ ಏರಲು ಹಲವರಿಗೆ ಆರು ತಿಂಗಳಿಂದ ವರ್ಷ ಹಿಡಿಯುತ್ತದೆ. ಪ್ರತಿಕಾಯ ತಯಾರಿಸುವ ಬಿ ಕೋಶಗಳು ಮೊದಲ ಒಂದೆರಡು ತಿಂಗಳು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಎಣಿಕೆ ಸರಿಹೋದ ಮೇಲೂ ಅವು ನೆಟ್ಟಗೆ ಕೆಲಸ ಕಲಿಯಲು ಒಂದೆರಡು ವರ್ಷ ಬೇಕು.

ಇದರ ಮೇಲೆ ಇನ್ನೊಂದು ಕಷ್ಟವಿದೆ. ದಾನಿಯ ಕೋಶಗಳಿಗೆ ರೋಗಿಯ ದೇಹವೇ ಪರಕೀಯ. ಅವು ಚರ್ಮ, ಕರುಳು, ಯಕೃತ್ತಿನ ಮೇಲೆ ತಿರುಗಿಬೀಳಬಹುದು. ಇದಕ್ಕೆ ಜಿವಿಎಚ್‌ಡಿ ಎನ್ನುತ್ತಾರೆ. ಮೈಮೇಲೆ ಗಂಧೆ, ನಿಲ್ಲದ ಭೇದಿ, ಕಾಮಾಲೆ ಇದರ ಗುರುತು. ಅದನ್ನು ತಡೆಯಲು ಸೈಕ್ಲೋಸ್ಪೋರಿನ್, ಟ್ಯಾಕ್ರೋಲಿಮಸ್, ಸ್ಟಿರಾಯ್ಡ್‌ನಂಥ ಔಷಧ ಕೊಡುತ್ತಾರೆ. ಆಕ್ರಮಣವನ್ನು ಹಿಡಿದು ನಿಲ್ಲಿಸುವ ಆ ಔಷಧಗಳೇ ರಕ್ಷಣೆಯನ್ನೂ ಹಿಡಿದು ನಿಲ್ಲಿಸುತ್ತವೆ. ಹಾಗಾಗಿ ಜಿವಿಎಚ್‌ಡಿ ಬಂದು ಸ್ಟಿರಾಯ್ಡ್ ಮುಂದುವರಿದವರ ಮಟ್ಟಿಗೆ ನೂರು ದಿನ, ಒಂದು ವರ್ಷ ಎಂಬ ಲೆಕ್ಕ ನಡೆಯುವುದಿಲ್ಲ. ಔಷಧ ಇರುವಷ್ಟು ಕಾಲವೂ ಅಪಾಯ ಇರುತ್ತದೆ.

ಬಾಲ್ಯದಲ್ಲಿ ಹಾಕಿಸಿಕೊಂಡ ಲಸಿಕೆಗಳ ನೆನಪೂ ಹಳೆಯ ಮಜ್ಜೆಯ ಜೊತೆ ಬಹುಪಾಲು ಅಳಿದುಹೋಗುತ್ತದೆ. ನಾಲ್ಕೂವರೆ ಅಡಿ ಎತ್ತರದ ಹುಡುಗಿಯಾಗಲಿ, ಮೀಸೆ ಹಣ್ಣಾದ ಗೌಡರಾಗಲಿ, ಈ ವಿಷಯದಲ್ಲಿ ಈಗಷ್ಟೇ ಹುಟ್ಟಿದ ಕೂಸಿನ ಹಾಗೆ. ಇದನ್ನು ಒಪ್ಪಿಕೊಂಡರೆ ಮುಂದಿನ ದಾರಿ ನಮಗೆ ಹೊಸದೇನಲ್ಲ. ಬಾಣಂತಿಯ ಕೋಣೆಗೆ ನಮ್ಮ ಅವ್ವಂದಿರು ಯಾರನ್ನೂ ಸುಮ್ಮನೆ ಬಿಟ್ಟವರಲ್ಲ. ಹೊರಗಿನಿಂದ ಬಂದವರು ಕೈಕಾಲು ತೊಳೆದುಕೊಳ್ಳಬೇಕು, ನೆಗಡಿ-ಕೆಮ್ಮು ಇದ್ದವರು ಹೊಸ್ತಿಲಾಚೆಯೇ ನಿಲ್ಲಬೇಕು, ಕೂಸನ್ನು ಕಂಡಕಂಡವರು ಎತ್ತಿಕೊಳ್ಳಬಾರದು. ಅದಕ್ಕೆ ಯಾವ ನೆಂಟರೂ ಮುನಿಸಿಕೊಳ್ಳುವುದಿಲ್ಲ. ಅದೇ ಕಟ್ಟುನಿಟ್ಟನ್ನು ಕಸಿಯಾದವರ ಕೋಣೆಗೂ ತನ್ನಿ. ಒಂದನ್ನು ಮಾತ್ರ ಬಿಡಿ: ಬಾಣಂತಿಗೆ ಹಾಕುವ ಹೊಗೆ, ಧೂಪ ಇಲ್ಲಿ ಬೇಡ. ಈ ಶ್ವಾಸಕೋಶಗಳಿಗೆ ಹೊಗೆ ತಾಳುವ ಶಕ್ತಿ ಇರುವುದಿಲ್ಲ.

ಹೀಗೆ ದೂರ ಇರಿ ಎಂದಾಗ ಊರಿನಲ್ಲಿ ಏನು ಮಾತು ಹುಟ್ಟುತ್ತದೆ ಎಂಬ ಅರಿವು ನನಗಿದೆ. "ಏನೋ ಅಂಟುರೋಗ ಇರಬೇಕು, ಅದಕ್ಕೇ ಒಳಗೆ ಬಿಡೂದಿಲ್ಲ." ಕಸಿಯಾದದ್ದು ಹುಡುಗಿಗಾದರೆ ಮಾತು ಅವಳ ಮದುವೆಯವರೆಗೆ ಹೋಗುತ್ತದೆ. ದಯವಿಟ್ಟು ಕೇಳಿ. ರಕ್ತದ ಕ್ಯಾನ್ಸರ್ ಅಂಟುವುದಿಲ್ಲ. ಥಲಸ್ಸೀಮಿಯಾ ಅಂಟುವುದಿಲ್ಲ. ಕಸಿಯೂ ಅಂಟುವುದಿಲ್ಲ. ಆ ಮನುಷ್ಯನಿಂದ ನಿಮಗೆ ಅಪಾಯವಿದೆ ಎಂದು ಅವರನ್ನು ಒಳಗೆ ಇರಿಸಿಲ್ಲ, ನಮ್ಮಿಂದ ಅವರಿಗೆ ಅಪಾಯವಿದೆ. ಮೂಗು ಸೋರುವುದು ನಿಮಗೆ ಎರಡು ದಿನದ ಕಿರಿಕಿರಿ, ಅದೇ ವೈರಾಣು ಅವರ ಎದೆಗಿಳಿದು ನ್ಯುಮೋನಿಯಾ ಆಗಬಹುದು. ಮೈಲಿಗೆಯ ಮಾತು ಎತ್ತುವವರಿಗೆ ಹಿರಿಯರೇ ಮುಂದೆ ಬಂದು ಇಷ್ಟನ್ನು ಹೇಳಬೇಕು. ಡಾಕ್ಟರು ಹೇಳಿದರೆ ಊರು ಕೇಳುತ್ತದೋ ಇಲ್ಲವೋ, ನೀವು ಹೇಳಿದರೆ ಕೇಳುತ್ತದೆ.

ಹಾಗೆಂದು ಆ ಮನೆಯ ಕಡೆ ತಲೆ ಹಾಕದೇ ಇರಬೇಡಿ. ಒಂಟಿಯಾಗಿ ಕೂತವರಿಗೆ ಮಾತು ಬೇಕು. ಬೇವಿನ ಕಟ್ಟೆಯ ಮೇಲೆ ಗಾಳಿಯಾಡುವ ಜಾಗದಲ್ಲಿ, ನಾಲ್ಕು ಮಾರು ದೂರ, ಒಬ್ಬರೋ ಇಬ್ಬರೋ ಕೂತು ಮಾತಾಡಬಹುದು. ವಿಡಿಯೊ ಕಾಲ್ ಮಾಡಬಹುದು. ಹಣ್ಣು ತರುವುದಾದರೆ ಸಿಪ್ಪೆ ಸುಲಿದು ತಿನ್ನುವ ಬಾಳೆ, ಮೋಸಂಬಿ ತನ್ನಿ. ಹೆಚ್ಚಿದ ಹಣ್ಣು, ತಳ್ಳುಗಾಡಿಯ ಕಬ್ಬಿನ ಹಾಲು ಬೇಡ. ಚಕ್ಕೋತವನ್ನಂತೂ ಕೊಡಲೇಬೇಡಿ. ಸೈಕ್ಲೋಸ್ಪೋರಿನ್, ಟ್ಯಾಕ್ರೋಲಿಮಸ್ ರಕ್ತದಲ್ಲಿ ವಿಷದ ಮಟ್ಟಕ್ಕೆ ಏರುವಂತೆ ಮಾಡುವ ಗುಣ ಆ ಜಾತಿಯ ಹಣ್ಣಿಗಿದೆ. ಊಟದ ಮಾತಿಗೆ ಬಂದರೆ ನಮ್ಮ ರೊಟ್ಟಿ ಹೆಂಚಿನಿಂದ ಇಳಿದು ನೇರ ತಾಟಿಗೆ ಬರುವುದರಿಂದ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಕಷ್ಟ ಇರುವುದು ರೊಟ್ಟಿಯ ಪಕ್ಕದಲ್ಲಿ. ಹಸಿ ಮೆಂತೆ, ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲು ಹೊಲದ ಮಣ್ಣಿನ ಜೊತೆ ಬರುತ್ತವೆ. ಅವನ್ನು ಬೇಯಿಸಿ ಪಲ್ಯ ಮಾಡಿ. ಬಹಳ ದಿನ ಇಟ್ಟ ಶೇಂಗಾ ಚಟ್ನಿಗೆ ಬೂಜು ಹಿಡಿದಿದ್ದರೆ ಮೇಲಿನದನ್ನು ತೆಗೆದು ಕೊಡುವ ಪದ್ಧತಿ ಬೇಡ, ಪೂರ್ತಿ ಚೆಲ್ಲಿಬಿಡಿ. ಹಾಲು, ನೀರು ಎರಡೂ ಕುದಿಯಬೇಕು. ಇಷ್ಟು ನೋಡಿಕೊಂಡರೆ ಹೊಟ್ಟೆ ತುಂಬ ಉಣ್ಣಲು ಬಿಡಿ. ಎಲ್ಲಕ್ಕೂ ಹೆದರಿ ಅರೆಹೊಟ್ಟೆ ಇಡುವುದರಿಂದಲೂ ಚೇತರಿಕೆ ಕುಂಠಿತವಾಗುತ್ತದೆ.

ಊಟಕ್ಕಿಂತ ನನಗೆ ಹೆಚ್ಚು ಭಯ ನಮ್ಮ ಧೂಳಿನದು. ಆಸ್ಪರ್ಜಿಲ್ಲಸ್ ಎಂಬ ಬೂಷ್ಟು ಎಲ್ಲೆಲ್ಲೂ ಇದೆ. ತಿಪ್ಪೆಯಲ್ಲಿ, ಮುಗ್ಗಿದ ಕಣಿಕೆಯ ಬಣವೆಯಲ್ಲಿ, ಹೊಟ್ಟಿನ ಕೋಣೆಯಲ್ಲಿ, ಕೆಡವಿದ ಹಳೆಯ ಮಣ್ಣಿನ ಗೋಡೆಯಲ್ಲಿ. ಅದರ ಬೀಜಕಣಗಳು ಎಷ್ಟು ಸಣ್ಣವೆಂದರೆ ದಿನಕ್ಕೆ ನೂರಾರನ್ನು ನಾವೆಲ್ಲ ಉಸಿರಿನಲ್ಲಿ ಎಳೆದುಕೊಳ್ಳುತ್ತೇವೆ. ನಮ್ಮ ಶ್ವಾಸಕೋಶದ ಕಾವಲುಕೋಶಗಳು ಅವನ್ನು ಅಲ್ಲಿಯೇ ಮುಗಿಸುತ್ತವೆ. ಕಸಿಯಾದವರಲ್ಲಿ ಅವು ಮೊಳೆತು ರಕ್ತನಾಳದೊಳಕ್ಕೇ ಬೆಳೆಯಬಹುದು. ಈ ಅಪಾಯ ಎರಡು ಸಲ ತಲೆಯೆತ್ತುತ್ತದೆ: ಒಮ್ಮೆ ನ್ಯೂಟ್ರೋಫಿಲ್ ಬರುವ ಮೊದಲು, ಇನ್ನೊಮ್ಮೆ ಜಿವಿಎಚ್‌ಡಿಗೆ ಸ್ಟಿರಾಯ್ಡ್ ಕೊಡುವಾಗ. ಮೊದಲ ಸಲ ಅವರು ಗಾಳಿ ಸೋಸುವ ಆಸ್ಪತ್ರೆಯ ಕೋಣೆಯಲ್ಲಿರುತ್ತಾರೆ. ಎರಡನೆಯ ಸಲ ನಮ್ಮ ಮನೆಯಲ್ಲಿ ಇರುತ್ತಾರೆ.

ನಮ್ಮ ಹಳೆಯ ಮನೆಗಳಲ್ಲಿ ದನ ಕಟ್ಟುವುದೂ ಒಂದೇ ಸೂರಿನಡಿ. ಆದ್ದರಿಂದ ಕಸಿಯಾದವರು ಬರುವ ಮೊದಲೇ ದನಗಳನ್ನು ಬೇರೆ ಕಡೆ ಕಟ್ಟಿಸಿ. ಸೆಗಣಿ ಬಳಿಯುವುದು, ಕುಳ್ಳು ತಟ್ಟುವುದು, ಮೇವು ಹಾಕುವುದು, ಕಾಳು ಕೇರುವುದು ಅವರ ಕೆಲಸವಲ್ಲ. ಅವರು ಇರುವಾಗ ಆ ಅಂಗಳದಲ್ಲಿ ನಡೆಯುವ ಕೆಲಸವೂ ಅಲ್ಲ. ಕೋಣೆ ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಿ. ಕಬ್ಬಿನ ಹಂಗಾಮಿನಲ್ಲಿ ಪಕ್ಕದ ಹೊಲದವರು ರವದಿಗೆ ಬೆಂಕಿ ಹಚ್ಚುವ ಮೊದಲು ಒಂದು ಮಾತು ತಿಳಿಸಿದರೆ ಸಾಕು, ಮನೆಯವರು ಕಿಟಕಿ ಮುಚ್ಚಿಕೊಳ್ಳುತ್ತಾರೆ ಅಥವಾ ಅವರನ್ನು ಬೇರೆಡೆ ಕರೆದೊಯ್ಯುತ್ತಾರೆ. ರವದಿ ಸುಡದೆ ಹೊಲಕ್ಕೇ ಗೊಬ್ಬರವಾಗಿ ಬಿಟ್ಟರೆ ಇನ್ನೂ ಒಳ್ಳೆಯದು.

ಕೃಷ್ಣೆಯ ಮಾತೂ ಇದೆ. 2005, 2019, 2021ರ ನೆರೆಗಳನ್ನು ಕಂಡ ಹೊಳೆಸಾಲಿನವರಿಗೆ ನಾನು ನೀರಿನ ಬಗ್ಗೆ ಹೇಳಿಕೊಡಬೇಕಾಗಿಲ್ಲ. ಆದರೆ ಕಸಿಯಾದವರು ಮನೆಯಲ್ಲಿದ್ದರೆ ಕೊಯ್ನಾ ಅಣೆಕಟ್ಟೆಯಿಂದ ನೀರು ಬಿಡುವ ಸುದ್ದಿ ಬಂದಾಗಲೇ ಅವರನ್ನು ಎತ್ತರದ ಊರಿನ ನೆಂಟರ ಮನೆಗೆ ಕಳಿಸಿ. ಕಾಳಜಿ ಕೇಂದ್ರದ ಗುಂಪಿನಲ್ಲಿ ಅವರು ಇರಲಾರರು. ನೀರು ಇಳಿದ ಮೇಲೆ ರಾಡಿ ತೆಗೆಯುವ ದಿನಗಳು ನೆರೆಯಷ್ಟೇ ಕೆಟ್ಟವು. ಒದ್ದೆ ಗೋಡೆಗೆ ಬೂಷ್ಟು ಏರಿರುತ್ತದೆ, ಬಾವಿ, ಬೋರಿನ ನೀರು ಕೆಟ್ಟಿರುತ್ತದೆ. ಗೋಡೆ ಒಣಗಿ, ಸುಣ್ಣ ಬಳಿದು, ನೀರು ಶುದ್ಧವಾಗುವವರೆಗೂ ಮರಳಿ ಕರೆಯಬೇಡಿ.

ಚಿಂಚಲಿ ಮಾಯಕ್ಕನಿಗೆ ಹರಕೆ ಹೊತ್ತವರಿಗೆ ಇದನ್ನು ಹೇಳಲು ನನಗೆ ಸಂಕೋಚವಾಗುತ್ತದೆ, ಆದರೂ ಹೇಳಬೇಕು. ಭಾರತ ಹುಣ್ಣಿಮೆಯ ಜಾತ್ರೆಯ ಗದ್ದಲ, ಭಂಡಾರದ ಧೂಳು, ಊರೂರಿನಿಂದ ಬಂದವರ ಉಸಿರು ಅವರಿಗೆ ಈಗ ಬೇಡ. ಈ ವರ್ಷ ಮನೆಯವರು ಹೋಗಿ ಹಣ್ಣು-ಕಾಯಿ ಮಾಡಿಸಿಕೊಂಡು ಬರಲಿ. ಹರಕೆ ಹೊತ್ತವರು ಕಸಿ ವೈದ್ಯರು ಹೂಂ ಎಂದ ವರ್ಷ ತಾವೇ ಹೋಗಿ ತೀರಿಸಲಿ. ತಾಯಿ ಕಾಯುತ್ತಾಳೆ ಎಂಬ ನಂಬಿಕೆ ನನಗಿದೆ.

ಇನ್ನು ಒಳಗೇ ಅಡಗಿರುವ ರೋಗಗಳ ಸಂಗತಿ. ಸಿಎಂವಿ ಎಂಬ ವೈರಾಣು ನಮ್ಮ ದೇಶದ ದೊಡ್ಡವರಲ್ಲಿ ಬಹುಪಾಲು ಎಲ್ಲರಿಗೂ ಚಿಕ್ಕಂದಿನಲ್ಲೇ ತಗುಲಿ, ಸದ್ದಿಲ್ಲದೆ ಉಳಿದಿರುತ್ತದೆ. ಕಾಯುವ ಟಿ ಕೋಶ ಇಲ್ಲದಾಗ ಅದು ಎದ್ದು ಶ್ವಾಸಕೋಶ, ಕರುಳನ್ನು ಹಿಡಿಯಬಹುದು. ಮೊದಲ ತಿಂಗಳುಗಳಲ್ಲಿ ವಾರವಾರ ರಕ್ತ ಪರೀಕ್ಷೆ ಮಾಡುವುದು ಇದಕ್ಕಾಗಿ. "ಎಷ್ಟು ಸಲ ರಕ್ತ ತಗೀತಾರ, ದುಡ್ಡು ಹೊಡ್ಯಾಕ" ಎಂದು ಮನೆಯವರ ಎದುರು ಹೇಳಿ ಅವರ ಮನಸ್ಸು ಕೆಡಿಸಬೇಡಿ. ಚಿಕ್ಕಂದಿನಲ್ಲಿ ಅಮ್ಮ (ಚಿಕನ್ ಪಾಕ್ಸ್) ಬಂದುಹೋದವರಲ್ಲಿ ಅದರ ವೈರಾಣು ನರದ ಬುಡದಲ್ಲಿ ಮಲಗಿದ್ದು ಸರ್ಪಸುತ್ತಾಗಿ ಏಳಬಹುದು. ಅದನ್ನು ತಡೆಯಲೆಂದೇ ಕನಿಷ್ಠ ಒಂದು ವರ್ಷ ಅಸೈಕ್ಲೋವಿರ್ ಗುಳಿಗೆ ಕೊಡುವುದು. ಸರ್ಪಸುತ್ತಿಗೆ ಕಾವಿ ಬಳಿಸಲು, ಮಂತ್ರ ಹಾಕಿಸಲು ಇವರನ್ನು ಕರೆದೊಯ್ಯಬೇಡಿ. ಗುಳ್ಳೆ ಕಂಡ ದಿನವೇ ಕಸಿ ಆಸ್ಪತ್ರೆಗೆ ಫೋನ್ ಹೋಗಬೇಕು. ಓಣಿಯಲ್ಲಿ ಯಾವುದಾದರೂ ಮಗುವಿಗೆ ಅಮ್ಮ ಬಂದಿದ್ದರೆ ಮುಚ್ಚಿಡಬೇಡಿ. ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಅದು ಹರಡಲು ಶುರುವಾಗುತ್ತದೆ. ಸೋಂಕು ತಗುಲಿರಬಹುದು ಎಂದು ಬೇಗ ಗೊತ್ತಾದರೆ, ಮೊದಲ ನಾಲ್ಕು ದಿನದೊಳಗೆ ಕೊಟ್ಟ ಔಷಧಿಯಿಂದ ಬಹಳ ಲಾಭವಿದೆ. ಕ್ಷಯವೂ ಹಾಗೆಯೇ. ಎರಡು ವಾರಕ್ಕೂ ಹೆಚ್ಚು ಕೆಮ್ಮುತ್ತಿರುವ ಅಜ್ಜ ಆ ಮನೆಯಲ್ಲಿದ್ದರೆ ಮೊದಲು ಅವರ ಕಫ ಪರೀಕ್ಷೆ ಆಗಲಿ.

ಆಶಾ ಕಾರ್ಯಕರ್ತೆಯರಿಗೆ, ಅಂಗನವಾಡಿ ಅಕ್ಕನವರಿಗೆ ಒಂದು ವಿಶೇಷ ವಿನಂತಿ. ಆ ಮನೆಯಲ್ಲಿ ಚಿಕ್ಕ ಕೂಸಿದ್ದರೆ ಪೋಲಿಯೊ ಹನಿ ಹಾಕುವ ಮೊದಲು ಕಸಿ ವೈದ್ಯರನ್ನು ಒಂದು ಮಾತು ಕೇಳಲು ಹೇಳಿ. ಹನಿಯಲ್ಲಿರುವುದು ಜೀವಂತ ವೈರಾಣು, ಅದು ಕೂಸಿನ ಮಲದಲ್ಲಿ ವಾರಗಟ್ಟಲೆ ಹೊರಬರುತ್ತದೆ. ಹನಿಯ ಬದಲಿಗೆ ಚುಚ್ಚುಮದ್ದಿನ ಪೋಲಿಯೊ ಲಸಿಕೆ ಇದೆ. ಕೂಸಿನ ಉಳಿದ ಲಸಿಕೆಗಳನ್ನು ಮಾತ್ರ ನಿಲ್ಲಿಸಬೇಡಿ, ಮನೆಮಂದಿ ಎಲ್ಲರೂ ವರ್ಷವರ್ಷ ಫ್ಲೂ ಲಸಿಕೆ ಹಾಕಿಸಿಕೊಂಡರೆ ಅದು ಕಸಿಯಾದವರ ಸುತ್ತಲಿನ ಬೇಲಿ. ಅವರಿಗೇ ಲಸಿಕೆ ಮತ್ತೆ ಮೊದಲಿನಿಂದ: ನ್ಯುಮೋಕೋಕಸ್ ಎಂಬ ಬ್ಯಾಕ್ಟೀರಿಯಾದ್ದು ಮೂರರಿಂದ ಆರು ತಿಂಗಳಿಗೆ, ಧನುರ್ವಾತ, ಗಂಟಲಮಾರಿ, ನಾಯಿಕೆಮ್ಮು, ಹೆಪಟೈಟಿಸ್-ಬಿ ಮುಂತಾದವು ಆರು ತಿಂಗಳಿನಿಂದಾಚೆ. ದಡಾರ, ಅಮ್ಮ ತಡೆಯುವಂಥ ಜೀವಂತ ಲಸಿಕೆಗಳು ಎರಡು ವರ್ಷ ಕಳೆದ ಮೇಲೆ. ಅದೂ ಜಿವಿಎಚ್‌ಡಿ ಇಲ್ಲದೆ, ಔಷಧಗಳೆಲ್ಲ ನಿಂತಿದ್ದರೆ ಮಾತ್ರ. ಶಾಲೆಯ ಗುರುಗಳು ಆ ಮಗು ಓದು ಬಿಟ್ಟು ಕೂತಿದೆ ಎಂದು ಹೆಸರು ತೆಗೆಯದೆ, ಮನೆಗೇ ಪಾಠ ಕಳಿಸಿಕೊಟ್ಟರೆ ಎಷ್ಟು ಉಪಕಾರ.

ನಮ್ಮ ಯುವಕರಿಗೆ. ಊರವನಿಗೆ ರಕ್ತ ಬೇಕೆಂದರೆ ಹತ್ತು ಬೈಕು ಒಮ್ಮೆಲೇ ಹೊರಡುತ್ತವೆ, ನನಗೆ ಅದು ಹೆಮ್ಮೆ. ಆದರೆ ಕಸಿಯಾದವರಿಗೆ ಸಾಮಾನ್ಯ ರಕ್ತ ಏರಿಸುವಂತಿಲ್ಲ. ಆ ರಕ್ತದಲ್ಲಿರುವ ಲಿಂಫೋಸೈಟ್ ಎಂಬ ಬಿಳಿಕಣಗಳು ರೋಗಿಯ ದೇಹದಲ್ಲಿ ನೆಲೆಯೂರಿ ಪ್ರಾಣಕ್ಕೇ ಎರವಾಗುವ ಜಿವಿಎಚ್‌ಡಿ ತರಬಹುದು. ರಕ್ತಸಂಬಂಧಿಗಳ ರಕ್ತದಲ್ಲಿ ಈ ಅಪಾಯ ಇನ್ನೂ ಹೆಚ್ಚು. ಅವರಿಗೆ ಕೊಡುವ ರಕ್ತ, ಪ್ಲೇಟ್‌ಲೆಟ್‌ಗಳಿಗೆ ವಿಕಿರಣ ಹಾಯಿಸಿರಬೇಕು. ಆ ಸೌಲಭ್ಯ ದೊಡ್ಡ ಕೇಂದ್ರಗಳಲ್ಲಿ ಇದೆ. ತುರ್ತಿನಲ್ಲಿ ಹತ್ತಿರದ ದವಾಖಾನೆಗೆ ಹೋದಾಗ "ಇವರಿಗೆ ಕಸಿಯಾಗಿದೆ, ಇರ್‍ಯಾಡಿಯೇಟೆಡ್ ರಕ್ತವೇ ಬೇಕು" ಎಂದು ಗಟ್ಟಿಯಾಗಿ ಹೇಳುವ ಒಬ್ಬರು ಜೊತೆಗಿರಲಿ. ನಿಮ್ಮ ರಕ್ತವನ್ನು ರಕ್ತನಿಧಿಗೆ ಕೊಡಿ, ಅದು ಇನ್ನೊಬ್ಬರ ಜೀವ ಉಳಿಸುತ್ತದೆ.

ಕೊನೆಗೆ ಜ್ವರ. ಸುತ್ತಲಿನ ವೈದ್ಯರೂ ಔಷಧ ಅಂಗಡಿಯವರೂ ಇದನ್ನು ಓದಲಿ. ಉಷ್ಣಮಾಪಕದಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್ ಕಂಡರೆ ಇವರ ಮಟ್ಟಿಗೆ ಅದು ತುರ್ತು. ಪ್ಯಾರಾಸಿಟಮಾಲ್ ನುಂಗಿಸಿ ಬೆಳಗಾಗಲಿ ಎಂದು ಮಲಗಿಸಬೇಡಿ, ಸೂಜಿ ಮಾಡಿಸಿ ಮನೆಗೆ ಕಳಿಸಬೇಡಿ. ನ್ಯುಮೋಕೋಕಸ್ ವರ್ಷ ಕಳೆದ ಮೇಲೂ ಇವರನ್ನು ಕೆಲವೇ ಗಂಟೆಗಳಲ್ಲಿ ಕೆಡವಬಲ್ಲದು. ಸ್ಟಿರಾಯ್ಡ್ ತೆಗೆದುಕೊಳ್ಳುವವರಲ್ಲಿ ಜ್ವರ ಏರದೆಯೇ ಸೋಂಕು ಮುಂದುವರಿಯಬಹುದು. ನಡುಕ, ಏದುಸಿರು, ಮಂಕು ಕಂಡರೂ ಅಷ್ಟೇ ಅವಸರ ಬೇಕು. ಆಂಟಿಬಯಾಟಿಕ್ ಒಂದು ಗಂಟೆಯೊಳಗೆ ನರಕ್ಕೆ ಹೋಗಬೇಕು ಎಂಬುದು ಕಸಿ ಕೇಂದ್ರಗಳ ನಿಯಮ. ದಿಗ್ಗೇವಾಡಿಯಿಂದ ಮಿರಜಕ್ಕಾಗಲಿ ಬೆಳಗಾವಿಗಾಗಲಿ ಅಷ್ಟರಲ್ಲಿ ಮುಟ್ಟುವುದು ಸುಲಭವಲ್ಲ. ಹಾಗಾಗಿ ರಾಯಬಾಗದ ತಾಲ್ಲೂಕು ಆಸ್ಪತ್ರೆಯ ವೈದ್ಯರ ಜೊತೆ ಮನೆಯವರು ಮೊದಲೇ ಮಾತಾಡಿ, ಡಿಸ್ಚಾರ್ಜ್ ಕಾಗದದ ಪ್ರತಿ ಕೊಟ್ಟು, ಮೊದಲ ಡೋಸ್ ಅಲ್ಲಿಯೇ ಆಗುವಂತೆ ಕಸಿ ಕೇಂದ್ರದಿಂದ ಫೋನ್ ಮಾಡಿಸಿಟ್ಟುಕೊಳ್ಳಲಿ. ಆ ಕಾಗದದ ಫೋಟೊ ಇಬ್ಬರು ನೆರೆಯವರ ಮೊಬೈಲಿನಲ್ಲೂ ಇರಲಿ. 108ಕ್ಕೆ ಕರೆ ಮಾಡಿ, ಅದು ತಡವಾದರೆ ಯಾರ ಗಾಡಿ, ಯಾರು ನಡೆಸುತ್ತಾರೆ, ಕಬ್ಬಿನ ಟ್ರ್ಯಾಕ್ಟರ್‌ಗಳು ರಸ್ತೆ ಕಟ್ಟಿ ನಿಂತ ರಾತ್ರಿ ಯಾವ ದಾರಿ ಹಿಡಿಯಬೇಕು ಎಂಬುದನ್ನು ಓಣಿಯವರು ಕೂತು ಈ ವಾರವೇ ಗೊತ್ತುಮಾಡಿ, ಆ ಮನೆಯ ಅವ್ವನಿಗೆ ತಿಳಿಸಿರಿ.

ಇಂತಿ ನಿಮ್ಮವ,
ಹೊಳೆಸಾಲಿನ ಒಬ್ಬ ಬಂಧು